ಕ್ಷಮೆಯೂ ಲೆಕ್ಕವೂ

ಅಂಗಡಿಯ ವ್ಯವಹಾರದಲ್ಲಿ ಒಂದು ಕೈ ಹಣ ಕೊಡುವಾಗ ಇನ್ನೊಂದು ಕೈ ಸರಕನ್ನು ಪಡೆಯುತ್ತದೆ. ತೂಕದ ಬಗ್ಗೆ ಸಂಶಯ ಬಂದರೆ ತಕ್ಕಡಿ ಕಣ್ಣೆದುರಿಗೇ ಇರುತ್ತದೆ. ಮನೆ ಕಟ್ಟಿಸುವ ವ್ಯವಹಾರ ಹಾಗಲ್ಲ. ಇನ್ನೂ ಎದ್ದಿರದ ಗೋಡೆಗೆ, ಇನ್ನೂ ಹಾಕಿರದ ಸ್ಲ್ಯಾಬಿಗೆ ಗೃಹಸ್ಥನು ಮುಂಗಡ ಕೊಡುತ್ತಾನೆ. ಹಣಕ್ಕಿಂತ ಮೊದಲು ಅವನು ಕೊಡುವುದು ವಿಶ್ವಾಸವನ್ನು. ಆದುದರಿಂದಲೇ ಗುತ್ತಿಗೆದಾರನು ಕರಾರನ್ನು ಮುರಿದು ಕೆಲಸವನ್ನು ಅರ್ಧಕ್ಕೆ ಬಿಟ್ಟಾಗ ಉಂಟಾಗುವ ನೋವು ಹಣದ ನಷ್ಟವನ್ನು ಮೀರಿದ್ದಾಗಿರುತ್ತದೆ. ಆ ನೋವಿನಲ್ಲಿ ಎರಡು ಸುಲಭದ ದಾರಿಗಳು ಕಾಣಿಸುತ್ತವೆ. ಸಿಟ್ಟಿನಿಂದ ಅವನ ಬೆನ್ನು ಹತ್ತುವುದು ಒಂದು. ಕ್ಷಮೆಯೆಂಬ ಹೆಸರಿಟ್ಟು ಸುಮ್ಮನಾಗುವುದು ಇನ್ನೊಂದು. ಎರಡರಲ್ಲಿಯೂ ಲೆಕ್ಕ ಮಾಡುವ ಶ್ರಮವಿಲ್ಲ. ಶ್ರಾವಕನಿಗೆ ಉಚಿತವಾದ ದಾರಿ ಇವೆರಡರಿಂದಲೂ ಬೇರೆಯಾದುದು.

ಬಾಗಲಕೋಟೆ ಸೀಮೆಗೆ ಈ ವಿಷಯ ಹೊಸದೇನಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಸುತ್ತಲಿನ ಅನೇಕ ಹಳ್ಳಿಗಳನ್ನೂ ಆವರಿಸಿದಾಗ, ಮುಳುಗಡೆಯ ಕುಟುಂಬಗಳು ನವನಗರದಲ್ಲಿಯೂ ಪುನರ್ವಸತಿ ಕೇಂದ್ರಗಳಲ್ಲಿಯೂ ಹೊಸದಾಗಿ ಮನೆ ಕಟ್ಟಿಕೊಳ್ಳಬೇಕಾಯಿತು. ಜೀವಮಾನದಲ್ಲಿ ಒಮ್ಮೆ ಕೈಗೆ ಬಂದ ಪರಿಹಾರದ ಹಣ ಹಲವರ ಮನೆಗಳಲ್ಲಿ ನೇರವಾಗಿ ಗುತ್ತಿಗೆದಾರರ ಕೈಗೆ ಹೋಯಿತು. ಅದು ಕೆಲವರಿಗೆ ಮನೆಯಾಯಿತು, ಕೆಲವರಿಗೆ ವ್ಯಾಜ್ಯವಾಯಿತು.

ಇದೇ ನೆಲ ಕಟ್ಟಡದ ಕೆಲಸಕ್ಕೆ ಬಹು ಹಿಂದಿನಿಂದಲೂ ಹೆಸರಾದುದು. ಐಹೊಳೆಯ ಮೇಗುತಿ ಜಿನಾಲಯವನ್ನು ರವಿಕೀರ್ತಿಯು ಕಟ್ಟಿಸಿದ್ದು ಶಕ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವು ಅದನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಿನೊಡನೆ, ಅದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದನ್ನೂ ಹೇಳುತ್ತದೆ. ಕಟ್ಟಿಸುವವರಿಗೂ ಕಟ್ಟುವವನಿಗೂ ಇರಬೇಕಾದ ಸಂಬಂಧ ಗೌರವದ್ದು ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷಿ ಬೇಡ. ಕರಾರು ಮುರಿದ ಗುತ್ತಿಗೆದಾರನೊಡನೆ ವ್ಯವಹರಿಸುವಾಗಲೂ ಈ ಗೌರವ ಮರೆಯಾಗಬಾರದು.

ತುಳಸಿಗೇರಿಯ ಒಂದು ಮನೆ

ಹನುಮಪ್ಪನ ದೇವಸ್ಥಾನದಿಂದ ಹೆಸರಾದ ತುಳಸಿಗೇರಿಯಲ್ಲಿ ಕಿರಾಣಿ ವ್ಯಾಪಾರಿಯೊಬ್ಬರು ಕೆಲವು ವರ್ಷಗಳ ಹಿಂದೆ 1,200 ಚದುರಡಿಯ ಮನೆಗೆ ಕೈ ಹಾಕಿದರು. ಚದುರಡಿಗೆ 1,500 ರೂಪಾಯಿಯಂತೆ ಒಟ್ಟು 18 ಲಕ್ಷದ ಕರಾರು. ಪಾಯ, ಗೋಡೆ, ಸ್ಲ್ಯಾಬ್, ಗಿಲಾವು, ಫರಸಿ ಹೀಗೆ ಹಂತ ಹಂತವಾಗಿ ಹಣ ಕೊಡುವುದೆಂದು ಬರೆದುಕೊಂಡಿದ್ದರು. ಗುತ್ತಿಗೆದಾರನು ಪರಿಚಿತ, ಕೆಲಸ ಬಲ್ಲವ. ಸ್ಲ್ಯಾಬ್ ಹಾಕುವವರೆಗೆ ಕೆಲಸ ಚೆನ್ನಾಗಿಯೇ ನಡೆಯಿತು. ಆ ಹೊತ್ತಿಗೆ ಆತನಿಗೆ ಬೇರೊಂದು ಕಡೆ ಹೆಚ್ಚಿನ ಮುಂಗಡದ ಕೆಲಸ ಸಿಕ್ಕಿತು. ಸೆಂಟ್ರಿಂಗ್ ಹಲಗೆಗಳು ಅಲ್ಲಿಗೆ ಹೋದವು, ಗೌಂಡಿಗಳೂ ಹೋದರು. "ಸಾವಕಾರ್ರ, ಬರೂ ಸೋಮವಾರದಿಂದ ಕೆಲಸ ಸುರು ಮಾಡತೀವ್ರಿ" ಎಂಬ ಮಾತು ಹಲವು ಸೋಮವಾರಗಳನ್ನು ಕಂಡಿತು. ಕೊನೆಗೆ ಆ ಮಾತೂ ನಿಂತು, ಫೋನಿಗೆ ಉತ್ತರ ಬರುವುದೂ ನಿಂತಿತು. ಮೊದಲ ಮಳೆಗೆ ಸ್ಲ್ಯಾಬಿನ ಒಂದು ಮೂಲೆ ಸೋರಲಾರಂಭಿಸಿತು. ಕುಟುಂಬವು ತಿಂಗಳಿಗೆ 6,000 ರೂಪಾಯಿ ಬಾಡಿಗೆಯ ಮನೆಯಲ್ಲಿಯೇ ಉಳಿಯಿತು.

ಮನೆಯಲ್ಲಿ ಎರಡು ಅಭಿಪ್ರಾಯಗಳಾದವು. ಹಿರಿಯಣ್ಣನವರು, "ತಮ್ಮಾ, ಹೋದದ್ದು ಹೋಯಿತು, ನಮ್ಮ ಕರ್ಮವೆಂದು ಬಿಟ್ಟುಬಿಡು. ಕ್ಷಮಾವಣಿಯ ದಿನ ಕೈ ಮುಗಿದು ಬಂದವರು ಕೋರ್ಟಿನ ಮೆಟ್ಟಿಲು ಹತ್ತಬಾರದು" ಎಂದರು. ಮಗನು, "ಅಪ್ಪಾ, ಪೊಲೀಸ್ ಠಾಣೆಯಲ್ಲಿ ಮೋಸದ ದೂರು ಕೊಟ್ಟರೆ ಎರಡೇ ದಿನಕ್ಕೆ ಹಣ ತಂದಿಡುತ್ತಾನೆ" ಎಂದನು.

ಅಣ್ಣನ ಮಾತಿನಲ್ಲಿ ಸೌಜನ್ಯವಿದೆ, ಆದರೆ ವಿವೇಚನೆ ಸಾಲದು. ದಶಧರ್ಮಗಳಲ್ಲಿ ಮೊದಲನೆಯದಾದ ಉತ್ತಮ ಕ್ಷಮೆಯು ಕ್ರೋಧಕ್ಕೆ ಪ್ರತಿಯಾಗಿ ಹೇಳಿದ ಧರ್ಮ. ಕ್ರೋಧವನ್ನು ಬಿಡುವುದು ಕ್ಷಮೆ. ಕೀರ್ದಿಯ ಪುಟವನ್ನು ಹರಿಯುವುದು ಕ್ಷಮೆಯಲ್ಲ. ಎಷ್ಟು ಬರಬೇಕೆಂದು ತಿಳಿಯದೆಯೇ ಬಿಟ್ಟುಬಿಡುವವನು ಏನನ್ನು ಬಿಟ್ಟನೆಂಬುದು ಅವನಿಗೇ ತಿಳಿದಿರುವುದಿಲ್ಲ. ಅಂಥ ತ್ಯಾಗದ ಹಿಂದೆ ಬಹಳ ಸಲ ಜಗಳದ ಭಯವೋ ಆಲಸ್ಯವೋ ಇರುತ್ತದೆ. ಮನಸ್ಸಿನೊಳಗೆ ಸಿಟ್ಟು ಹಾಗೆಯೇ ಉಳಿದಿರುತ್ತದೆ. ಅಲ್ಲದೆ ಗೃಹಸ್ಥನಿಗೆ ಹೇಳಿದ ಅಹಿಂಸೆಯ ವಿಚಾರದಲ್ಲಿ ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸರ್ವಥಾ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ನ್ಯಾಯವಾದ ಸ್ವತ್ತನ್ನು ನ್ಯಾಯವಾದ ಮಾರ್ಗದಿಂದ ಕೇಳಿ ಪಡೆಯುವುದಕ್ಕೆ ಅವನಿಗೆ ಅಡ್ಡಿಯಿಲ್ಲ.

ಮಗನ ಮಾತಿನಲ್ಲಿ ಅಪಾಯವಿದೆ. ಕರಾರು ಮುರಿದವರೆಲ್ಲ ವಂಚಕರಲ್ಲ. ಕರಾರಿನ ಆರಂಭದಲ್ಲಿಯೇ ಮೋಸದ ಉದ್ದೇಶವಿದ್ದರೆ ಮಾತ್ರ ಅದು ವಂಚನೆಯ ಅಪರಾಧ. ಆಮೇಲೆ ಮಾತು ತಪ್ಪಿದ್ದು ಮಾತ್ರದಿಂದ ಆಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೃದಯ ರಂಜನ ಪ್ರಸಾದ ವರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಳೆಯ ದಂಡಸಂಹಿತೆಯ 420ನೆಯ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಬಂದಿದ್ದರೂ ಈ ತತ್ತ್ವ ಬದಲಾಗಿಲ್ಲ. ಈ ಗುತ್ತಿಗೆದಾರನು ಪಾಯ ತೆಗೆದಿದ್ದಾನೆ, ಗೋಡೆ ಎಬ್ಬಿಸಿದ್ದಾನೆ, ಸ್ಲ್ಯಾಬ್ ಹಾಕಿದ್ದಾನೆ. ಮೊದಲ ದಿನದಿಂದಲೇ ಅವನಿಗೆ ವಂಚನೆಯ ಉದ್ದೇಶವಿತ್ತೆಂದು ಬರೆದುಕೊಟ್ಟರೆ ಅದು ಸತ್ಯಾಣುವ್ರತದ ಭಂಗವೇ ಸರಿ. ಠಾಣೆಯ ಭಯದಿಂದ ಹಣ ಬಂದರೂ ಅದು ಸುಳ್ಳಿನ ಮೇಲೆ ಬಂದ ಹಣವಾಗುತ್ತದೆ.

ವ್ಯಾಪಾರಿಯವರು ಎರಡನ್ನೂ ಒಪ್ಪಲಿಲ್ಲ. ಮೊದಲು ಲೆಕ್ಕವಾಗಲಿ ಎಂದರು.

ಕಾನೂನು ಹೇಳುವುದೇನು

ಇಂಥ ಪ್ರಸಂಗಗಳಿಗೆ ಮೂಲಾಧಾರ 1872ರ ಭಾರತೀಯ ಕರಾರು ಅಧಿನಿಯಮ. ಅದರ 55ನೆಯ ಕಲಮಿನ ಒಂದು ಮಾತನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕು. ಅವಧಿಯೇ ಕರಾರಿನ ಜೀವಾಳವಾಗಿದ್ದಲ್ಲಿ, ಅವಧಿ ಮೀರಿದ ಮೇಲೆ ಕರಾರನ್ನು ರದ್ದುಮಾಡುವ ಹಕ್ಕು ಹುಟ್ಟುತ್ತದೆ. ಆದರೆ ರದ್ದುಮಾಡದೆ ತಡವಾದ ಕೆಲಸವನ್ನೇ ಒಪ್ಪಿಕೊಳ್ಳುವುದಾದರೆ, ಒಪ್ಪಿಕೊಳ್ಳುವಾಗಲೇ ಪರಿಹಾರ ಕೇಳುವ ಉದ್ದೇಶವನ್ನು ತಿಳಿಸಿರಬೇಕು. ತಿಳಿಸದಿದ್ದರೆ ಆ ವಿಳಂಬಕ್ಕಾಗಿ ಆಮೇಲೆ ಪರಿಹಾರ ಕೇಳುವಂತಿಲ್ಲ. ಅವಧಿಯು ಜೀವಾಳವಲ್ಲದ ಕಡೆ ರದ್ದತಿಯ ಹಕ್ಕಿಲ್ಲ, ಪರಿಹಾರ ಮಾತ್ರವುಂಟು. ಕಟ್ಟಡದ ಕರಾರಿನಲ್ಲಿ ಅವಧಿ ವಿಸ್ತರಣೆಗೂ ತಡವಾದರೆ ದಂಡಕ್ಕೂ ಅವಕಾಶ ಬರೆದಿದ್ದರೆ, ಅವಧಿಯು ಜೀವಾಳವೆಂಬ ವಾದ ದುರ್ಬಲವಾಗುತ್ತದೆಂದು 1979ರ ಹಿಂದ್ ಕನ್‌ಸ್ಟ್ರಕ್ಷನ್ ಪ್ರಕರಣದಿಂದ ತಿಳಿಯುತ್ತದೆ. ಮನಸ್ಸಿನಲ್ಲಿ ಕುದಿಯುತ್ತ ಬಾಯಿ ಮುಚ್ಚಿಕೊಂಡಿರುವುದು ಧರ್ಮದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಲಾಭದಾಯಕವಲ್ಲ. ಹೇಳಬೇಕಾದುದನ್ನು ಹೇಳಬೇಕಾದ ಕಾಲಕ್ಕೆ ಸೌಮ್ಯವಾಗಿ ಬರೆದು ಹೇಳಬೇಕು.

73ನೆಯ ಕಲಮು ಪರಿಹಾರದ ಅಳತೆಯನ್ನು ನಿಗದಿಪಡಿಸುತ್ತದೆ. ಕರಾರು ಮುರಿದುದರಿಂದ ಸಹಜವಾಗಿ ಆದ ನಷ್ಟ, ಅಥವಾ ಕರಾರು ಮಾಡಿಕೊಳ್ಳುವಾಗಲೇ ಉಭಯತರಿಗೂ ತಿಳಿದಿದ್ದ ನಷ್ಟ, ಇಷ್ಟು ಮಾತ್ರ ಸಲ್ಲುತ್ತದೆ. ದೂರದ ನಷ್ಟ ಸಲ್ಲದು. ಆ ಕಲಮಿಗೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಮನೆಯ ದುರಸ್ತಿಗೆ ಸಂಬಂಧಿಸಿದ್ದು: ಮುಂಗಡ ಪಡೆದವನು ಕರಾರಿನಂತೆ ದುರಸ್ತಿ ಮಾಡದಿದ್ದರೆ, ಅದನ್ನು ಕರಾರಿಗೆ ತಕ್ಕಂತೆ ಸರಿಪಡಿಸುವ ಖರ್ಚನ್ನು ಅವನು ಕೊಡಬೇಕು. ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ಗೃಹಸ್ಥನಿಗೆ ಇದ್ದ ಉಪಾಯಗಳನ್ನೂ ಪರಿಗಣಿಸಬೇಕೆಂದು ಅದೇ ಕಲಮು ಹೇಳುತ್ತದೆ. ಕಬ್ಬಿಣದ ಸರಳುಗಳನ್ನು ಮಳೆಗೆ ಬಿಟ್ಟು, ತುಕ್ಕು ಹಿಡಿದ ಮೇಲೆ ಅದರ ಬೆಲೆಯನ್ನೂ ಗುತ್ತಿಗೆದಾರನ ತಲೆಗೆ ಕಟ್ಟುವಂತಿಲ್ಲ.

74ನೆಯ ಕಲಮು ದಂಡದ ವಿಷಯದ್ದು. ತುಳಸಿಗೇರಿಯ ಕರಾರಿನಲ್ಲಿ ತಡವಾದ ಪ್ರತಿ ದಿನಕ್ಕೆ 1,000 ರೂಪಾಯಿ ದಂಡವೆಂದು ಬರೆದಿತ್ತು. ಬರೆದಿದೆಯೆಂಬ ಮಾತ್ರಕ್ಕೆ ಅದಷ್ಟೂ ಸಿಗುವುದಿಲ್ಲ. ಬರೆದ ಮೊತ್ತವು ಮೇಲಿನ ಮಿತಿ. ಅದರೊಳಗೆ ನ್ಯಾಯಸಮ್ಮತವಾದ ಪರಿಹಾರವಷ್ಟೇ ಸಲ್ಲುತ್ತದೆಂಬುದು 1963ರ ಫತೇಚಂದ್ ಪ್ರಕರಣದಿಂದ ಸ್ಥಿರವಾದ ಮಾತು.

ಉಳಿದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿಕೊಳ್ಳುವ ಹಕ್ಕಿಗೆ 2018ರ ಅಕ್ಟೋಬರ್ 1ರಿಂದ ಸ್ಪಷ್ಟವಾದ ರೂಪ ಬಂದಿದೆ. ನಿರ್ದಿಷ್ಟ ಪರಿಹಾರ ಅಧಿನಿಯಮದ ತಿದ್ದುಪಡಿಯಾದ 20ನೆಯ ಕಲಮಿನ ಪ್ರಕಾರ, ಮೂವತ್ತು ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟೀಸು ಕೊಟ್ಟು, ಆಗಲೂ ಕೆಲಸವಾಗದಿದ್ದರೆ ಬೇರೆಯವರಿಂದ ಮಾಡಿಸಿ ಅದರ ಖರ್ಚನ್ನು ಕೇಳಬಹುದು. ಸಿಟ್ಟಿನಿಂದ ಮರುದಿನವೇ ಬೇರೆ ಗೌಂಡಿಯನ್ನು ತಂದು ನಿಲ್ಲಿಸಿದರೆ ಈ ಕಲಮಿನ ಆಧಾರ ಕೈತಪ್ಪುತ್ತದೆ. ಹಳೆಯ ಕೆಲಸ ಎಷ್ಟಾಗಿತ್ತೆಂಬ ಪುರಾವೆಯೂ ಅಳಿಸಿಹೋಗುತ್ತದೆ.

ತನ್ನ ವಾದಕ್ಕೆ ತಾನೇ ನ್ಯಾಯಾಧೀಶನಾಗಬಾರದು

ಹಲವು ಕರಾರುಗಳಲ್ಲಿ "ಮಾಲೀಕರ ನಿರ್ಣಯವೇ ಅಂತಿಮ" ಎಂಬ ಸಾಲು ಇರುತ್ತದೆ. ಕರ್ನಾಟಕದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯ. ತೀರ್ಥಹಳ್ಳಿಯ ಶ್ರೀ ರಾಮೇಶ್ವರ ರೈಸ್ ಮಿಲ್ಸ್ ಕರಾರು ಮುರಿದಿದೆಯೆಂದು ರಾಜ್ಯ ಸರ್ಕಾರದ ಅಧಿಕಾರಿಯೇ ನಿರ್ಣಯಿಸಿ, ನಷ್ಟದ ಮೊತ್ತವನ್ನೂ ತಾನೇ ಕಟ್ಟಿದ್ದ. ಕರಾರು ಮುರಿದಿಲ್ಲವೆಂದು ಎದುರು ಪಕ್ಷವು ವಾದಿಸುವಾಗ, ಆ ಪ್ರಶ್ನೆಯನ್ನು ನಿರ್ಣಯಿಸಬೇಕಾದವರು ಸ್ವತಂತ್ರರಾದ ಮೂರನೆಯವರೇ ಹೊರತು ಕರಾರಿನ ಒಬ್ಬ ಪಕ್ಷಗಾರನಲ್ಲ ಎಂದು ನ್ಯಾಯಾಲಯ ಹೇಳಿತು. ಸರ್ಕಾರಕ್ಕೇ ಇಲ್ಲದ ಅಧಿಕಾರ ಮನೆಯ ಮಾಲೀಕನಿಗಾಗಲಿ ಬಸದಿಯ ಅಧ್ಯಕ್ಷನಿಗಾಗಲಿ ಎಲ್ಲಿಂದ ಬರಬೇಕು? ಅನೇಕಾಂತವನ್ನು ಬಾಯಲ್ಲಿ ಹೇಳುವ ಸಮಾಜಕ್ಕೆ ಈ ತೀರ್ಪು ಅಪರಿಚಿತವೆನಿಸಬಾರದು. ಗುತ್ತಿಗೆದಾರನಿಗೂ ಒಂದು ಪಕ್ಷವಿರುತ್ತದೆ: ಕಬ್ಬಿಣದ ಬೆಲೆ ಏರಿರಬಹುದು, ಮಾಲೀಕನು ನಡುವೆ ನಕ್ಷೆ ಬದಲಿಸಿರಬಹುದು, ಕಂತು ತಡವಾಗಿರಬಹುದು.

ವ್ಯಾಪಾರಿಯವರು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳುಹಿಸಿದರು. ಅದರಲ್ಲಿ ಬೈಗುಳಿರಲಿಲ್ಲ, ಕರಾರಿನ ತಾರೀಖು, ಕೊಟ್ಟ ಹಣ, ನಿಂತ ಕೆಲಸ, ಮೂವತ್ತು ದಿನಗಳ ಗಡುವು, ಉಭಯತರೂ ಒಪ್ಪುವ ಎಂಜಿನಿಯರರಿಂದ ಅಳತೆ ಮಾಡಿಸುವ ಸೂಚನೆ, ಇಷ್ಟೇ ಇದ್ದವು. ಗಡುವಿನ ಕೊನೆಯ ವಾರದಲ್ಲಿ ಗುತ್ತಿಗೆದಾರನೇ ಬಂದನು. ಕೆಲಸ ಮುಂದುವರಿಸುವ ಶಕ್ತಿ ತನಗಿಲ್ಲವೆಂದು ಬರೆದುಕೊಟ್ಟು, ಅಳತೆಗೆ ಒಪ್ಪಿದನು. ನಿವೃತ್ತ ಎಂಜಿನಿಯರರೊಬ್ಬರು ಇಬ್ಬರ ಎದುರಿನಲ್ಲಿಯೇ ಅಳೆದು ಬರೆದರು.

ಅವರ ಲೆಕ್ಕ ಹೀಗಿತ್ತು. ಗುತ್ತಿಗೆದಾರನಿಗೆ ಸಂದದ್ದು 11,00,000 ರೂಪಾಯಿ. ಕರಾರಿನ ದರದಲ್ಲಿ ಆದ ಕೆಲಸ 8,40,000. ಹೆಚ್ಚಾಗಿ ಹೋದದ್ದು 2,60,000. ಉಳಿದ ಕೆಲಸದ ಕರಾರಿನ ಬೆಲೆ 9,60,000, ಬೇರೆಯವರಿಂದ ಮಾಡಿಸಲು 11,50,000, ವ್ಯತ್ಯಾಸ 1,90,000. ಸೋರುವ ಸ್ಲ್ಯಾಬಿನ ದುರಸ್ತಿ 60,000. ಒಟ್ಟು 5,10,000 ರೂಪಾಯಿ.

ಇಲ್ಲಿ ಒಂದು ಸಂಗತಿ ನಡೆಯಿತು. ಕಂಪೌಂಡ್ ಗೋಡೆಯ ಒಂದು ಭಾಗವನ್ನು ವ್ಯಾಪಾರಿಯವರು ಬಾಯಿಮಾತಿನಿಂದಲೇ ಹೆಚ್ಚಿಗೆ ಕಟ್ಟಿಸಿದ್ದರು. ಅದರ ಬೆಲೆ 70,000 ರೂಪಾಯಿ. ಗುತ್ತಿಗೆದಾರನು ತನ್ನ ಲೆಕ್ಕದಲ್ಲಿ ಅದನ್ನು ಬರೆದಿರಲಿಲ್ಲ. ಅವನಿಗೆ ಅದು ಮರೆತೇಹೋಗಿತ್ತು. ಮಗನು ತಂದೆಯ ಕಡೆ ನೋಡಿ, ಸುಮ್ಮನಿರುವಂತೆ ಕಣ್ಣಿನಲ್ಲಿಯೇ ಸೂಚಿಸಿದನು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸುತ್ತದೆ. ಒತ್ತೆ ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ "ಅಷ್ಟೇ ಸರಿ" ಎಂದು ಉಳಿದುದನ್ನು ಇಟ್ಟುಕೊಳ್ಳುವುದೇ ನ್ಯಾಸಾಪಹಾರವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಕೆಲಸ ಮಾಡದೆ ಮುಂಗಡವನ್ನು ಇಟ್ಟುಕೊಂಡ ಗುತ್ತಿಗೆದಾರನಿಗೆ ಈ ದೋಷ ತಗಲುವಂತೆ, ಅವನ ಮರೆವಿನ ಲಾಭ ಪಡೆಯುವ ಮಾಲೀಕನಿಗೂ ತಗಲುತ್ತದೆ. ಎದುರಿನವನು ಕರಾರು ಮುರಿದನೆಂಬುದು ತನ್ನ ವ್ರತ ಮುರಿಯಲು ಅನುಮತಿಯಲ್ಲ. ವ್ಯಾಪಾರಿಯವರು ಎಂಜಿನಿಯರರಿಗೆ ಗೋಡೆಯನ್ನು ತೋರಿಸಿ, ಅದನ್ನೂ ಅಳೆಯಿರೆಂದರು. ಬರಬೇಕಾದದ್ದು 4,40,000ಕ್ಕೆ ಇಳಿಯಿತು.

ವಿಳಂಬದ ವಿಷಯದಲ್ಲಿಯೂ ಹಾಗೆಯೇ. ಕೆಲಸ ಎಂಟು ತಿಂಗಳು ತಡವಾಗಿತ್ತು. ಅದರಲ್ಲಿ ಎರಡು ತಿಂಗಳಿಗೆ ಕಾರಣ, ಉದ್ದರಿ ವಸೂಲಾಗದೆ ಮಾಲೀಕರ ಕಂತು ತಡವಾದದ್ದು. ಉಳಿದ ಆರು ತಿಂಗಳಿಗೆ ಕರಾರಿನ ದಂಡ ಹಿಡಿದರೆ 1,80,000 ರೂಪಾಯಿಯಾಗುತ್ತಿತ್ತು. ನಿಜವಾದ ನಷ್ಟ ಮನೆಬಾಡಿಗೆ, ಆರು ತಿಂಗಳಿಗೆ 36,000. ಅಷ್ಟನ್ನೇ ಸೇರಿಸಿ ಒಟ್ಟು 4,76,000 ರೂಪಾಯಿಗೆ ಲೆಕ್ಕ ನಿಂತಿತು. ತನ್ನ ವಿರುದ್ಧದ ಲೆಕ್ಕದಲ್ಲಿ ತನ್ನ ಪರವಾದ ಅಂಶಗಳೂ ಇರುವುದನ್ನು ಕಂಡ ಗುತ್ತಿಗೆದಾರನು ಆ ಮೊತ್ತವನ್ನು ಒಪ್ಪಿ ಸಹಿ ಹಾಕಿದನು.

ಕೂಲಿಕಾರರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕೆಲಸ ನಿಂತಾಗ ಗೌಂಡಿಗಳಿಗೂ ಉಸುಕು, ಖಡಿ ಹೊರುತ್ತಿದ್ದ ಹೆಣ್ಣುಮಕ್ಕಳಿಗೂ ಮೂರು ವಾರಗಳ ಬಟವಾಡೆ ಬಾಕಿಯಿತ್ತು. ಗುತ್ತಿಗೆದಾರನನ್ನು ಬಗ್ಗಿಸಲು ಎಲ್ಲ ಹಣವನ್ನೂ ತಡೆಹಿಡಿಯುವ ಮಾಲೀಕರುಂಟು. ಅದರ ಪೆಟ್ಟು ಬೀಳುವುದು ಸಂತೆಯ ದಿನ ಬರಿಗೈಯಲ್ಲಿ ನಿಂತವರ ಮೇಲೆ. ಅನ್ನಪಾನನಿರೋಧವನ್ನು ಅಹಿಂಸಾಣುವ್ರತದ ಅತಿಚಾರವೆಂದು ಹೇಳಿರುವುದು ಸಾಕಿದ ಪಶುಗಳನ್ನೂ ಆಶ್ರಿತರನ್ನೂ ಕುರಿತು; ಕೂಲಿಯವರಿಗೆ ಅದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಗುತ್ತಿಗೆದಾರನ ಲಿಖಿತ ಒಪ್ಪಿಗೆ ಪಡೆದು, ಕೂಲಿಯನ್ನು ಅವರ ಕೈಗೇ ಕೊಟ್ಟು ರಸೀದಿ ಪಡೆಯಲಾಯಿತು. ಮೇಲಿನ 11 ಲಕ್ಷದಲ್ಲಿ ಆ ಹಣವೂ ಸೇರಿದೆ.

ಮನೆಯ ಹಣ, ಬಸದಿಯ ಹಣ

ಲೆಕ್ಕ ಮುಗಿದ ಮೇಲೆ ಕ್ಷಮೆಯ ಮಾತು ಬಂತು. ಗುತ್ತಿಗೆದಾರನು ಆ ಹೊತ್ತಿಗೆ ಸಾಲದಲ್ಲಿದ್ದನು. ವ್ಯಾಪಾರಿಯವರು 76,000 ರೂಪಾಯಿಯನ್ನು ಬಿಟ್ಟು, ಉಳಿದ 4 ಲಕ್ಷಕ್ಕೆ ಕಂತು ಬರೆಸಿಕೊಂಡರು. ಎಷ್ಟು ಬರಬೇಕೆಂದು ತಿಳಿದು, ಸ್ವಂತ ಹಣದಿಂದ, ಮನಸ್ಸಿನಲ್ಲಿ ಕಹಿಯಿಲ್ಲದೆ ಬಿಟ್ಟದ್ದು ಅದು.

ಆದರೆ ಅದೇ ಗುತ್ತಿಗೆದಾರನು, ಈ ವ್ಯಾಪಾರಿಯವರು ಟ್ರಸ್ಟಿಯಾಗಿದ್ದ ಒಂದು ಬಸದಿಯ ಊಟದ ಮನೆಯ ಫರಸಿ ಕೆಲಸಕ್ಕೂ 1,20,000 ರೂಪಾಯಿ ಮುಂಗಡ ಪಡೆದಿದ್ದನು. "ಮನೆಯದನ್ನು ಬಿಟ್ಟೆಯಲ್ಲ, ಅದರಲ್ಲಿಯೂ ಸ್ವಲ್ಪ ಬಿಡಿಸು" ಎಂದು ಅಣ್ಣನವರು ಹೇಳಿದಾಗ ಅವರು ಒಪ್ಪಲಿಲ್ಲ. ಟ್ರಸ್ಟಿಯು ಬಸದಿಯ ಹಣಕ್ಕೆ ಕಾವಲುಗಾರ, ಒಡೆಯನಲ್ಲ. ಆ ಹಣದಲ್ಲಿ ಎಲ್ಲಿಯೋ ಒಬ್ಬ ಮುದುಕಿ ಹುಂಡಿಗೆ ಹಾಕಿದ ಹತ್ತು ರೂಪಾಯಿಯೂ ಇದೆ. ಅದನ್ನು ಬಿಟ್ಟು ಉದಾರಿಯೆನಿಸಿಕೊಳ್ಳಲು ಯಾವ ಟ್ರಸ್ಟಿಗೂ ಅಧಿಕಾರವಿಲ್ಲ. ವಿಷಯವನ್ನು ಸಭೆಯ ಮುಂದಿಟ್ಟು, ಸ್ವಂತ ವ್ಯವಹಾರವಿದ್ದ ಕಾರಣ ಅವರು ಚರ್ಚೆಯಿಂದ ಹೊರಗುಳಿದರು. ಸಭೆಯು ಹಣದ ಬದಲು ಕೆಲಸವನ್ನು ಪಡೆಯಲು ಠರಾವು ಮಾಡಿತು: ಸಾಮಗ್ರಿ ಟ್ರಸ್ಟಿನದು, ಕೂಲಿ ಗುತ್ತಿಗೆದಾರನದು, ವಾರಕ್ಕೊಮ್ಮೆ ಅಳತೆ, ಹಳೆಯ ದರ, ಹೊಸದಾಗಿ ಮುಂಗಡವಿಲ್ಲ. ಫರಸಿ ಮುಗಿಯಿತು. ಮನೆಯ ಕಂತುಗಳಲ್ಲಿ ಕೆಲವು ಇನ್ನೂ ಬರಬೇಕಾಗಿದೆ.

ಎಲ್ಲ ಗುತ್ತಿಗೆದಾರರೂ ಹೀಗೆ ಒಪ್ಪಿ ಬರುವುದಿಲ್ಲ. ಬಾರದಿದ್ದರೆ ನ್ಯಾಯಾಲಯಕ್ಕೆ ಹೋಗುವುದರಲ್ಲಿ ದೋಷವಿಲ್ಲ. ವಾಸದ ಮನೆ ಕಟ್ಟಿಸಿದ ಗೃಹಸ್ಥನಿಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಆಯೋಗದ ಬಾಗಿಲು ತೆರೆದಿದೆ. ಅದಕ್ಕೆ ಎರಡು ವರ್ಷಗಳ ಅವಧಿ. ದಿವಾಣಿ ದಾವೆಗೆ ಮೂರು ವರ್ಷ. "ಕೊಡುತ್ತೇನೆ" ಎಂಬ ಬಾಯಿಮಾತಿನಿಂದ ಈ ಅವಧಿ ನಿಲ್ಲುವುದಿಲ್ಲ. ದಿವಾಣಿ ಬಾಕಿಗೆ ಅವಧಿಯೊಳಗೆ ಸಹಿ ಮಾಡಿದ ಲಿಖಿತ ಒಪ್ಪಿಗೆ ಸಿಕ್ಕರೆ ಮಾತ್ರ ಹೊಸದಾಗಿ ಎಣಿಕೆ ಆರಂಭವಾಗುತ್ತದೆ. 1986ರ ಹಳೆಯ ಗ್ರಾಹಕ ಕಾನೂನಿನಡಿ ಟ್ರಸ್ಟು ದೂರುದಾರನಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಹೇಳಿದ್ದರಿಂದ, ಬಸದಿಯ ಟ್ರಸ್ಟುಗಳು ಆ ಬಾಗಿಲನ್ನು ನಂಬಿ ಕೂರದೆ, ಕರಾರಿನಲ್ಲಿಯೇ ಮಧ್ಯಸ್ಥಿಕೆಯ ಕಲಮನ್ನು ಸೇರಿಸುವುದು ಕ್ಷೇಮ.

ಟ್ರಸ್ಟುಗಳು ಕೆಲಸ ಆರಂಭಿಸುವ ಮೊದಲೇ ಕೆಲವು ನಿಯಮಗಳನ್ನು ಇಟ್ಟುಕೊಂಡರೆ ವ್ಯಾಜ್ಯದ ಬಹುಭಾಗ ಹುಟ್ಟುವುದಿಲ್ಲ. ಕರಾರು ತಕ್ಕ ಛಾಪಾ ಕಾಗದದ ಮೇಲಿರಲಿ. ಮುಂಗಡವು ಮೊದಲ ಹಂತದ ಸಾಮಗ್ರಿಗೆ ಬೇಕಾದಷ್ಟೇ ಇರಲಿ; ಆಮೇಲಿನ ಹಣ ಅಳತೆಯಾದ ನಂತರವೇ ಹೋಗಲಿ. ಪ್ರತಿ ಬಿಲ್ಲಿನಿಂದ ಸ್ವಲ್ಪ ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳಲಿ. ಹೆಚ್ಚುವರಿ ಕೆಲಸವನ್ನು ಅಂದೇ ಬರೆದು ಇಬ್ಬರೂ ಸಹಿ ಹಾಕಲಿ. ಟ್ರಸ್ಟು ಒಪ್ಪಿದ ಕಂತು ಒಪ್ಪಿದ ದಿನವೇ ತಲುಪಲಿ. ತಾನು ತಡಮಾಡುವ ಪಕ್ಷಗಾರನಿಗೆ ಇನ್ನೊಬ್ಬರ ವಿಳಂಬವನ್ನು ಪ್ರಶ್ನಿಸುವ ಶಕ್ತಿ ಕಡಿಮೆ. ವಿವಾದ ಬಂದರೆ ನಿರ್ಣಯಿಸುವ ಮೂರನೆಯ ವ್ಯಕ್ತಿ ಯಾರೆಂಬುದನ್ನು, ಇಬ್ಬರಿಗೂ ಸ್ನೇಹವಿರುವ ಮೊದಲ ದಿನವೇ ಗೊತ್ತುಪಡಿಸಿಕೊಳ್ಳಲಿ. ವರ್ಷಾಂತ್ಯದ ಸಭೆಯಲ್ಲಿ ಜಮಾಖರ್ಚಿನ ಜೊತೆಗೆ ಅಳತೆಯ ಪುಸ್ತಕವನ್ನೂ ಮೇಜಿನ ಮೇಲಿಡುವ ಪದ್ಧತಿ ಬಂದರೆ, ಕೇಳುವ ಸದಸ್ಯರಿಗೂ ಉತ್ತರಿಸುವ ಟ್ರಸ್ಟಿಗಳಿಗೂ ನೆಮ್ಮದಿಯಾಗುತ್ತದೆ.